ಬಿಟ್‌ಕಾಯಿನ್ ಡಾಮಿನೆನ್ಸ್ ಓದುವುದು ಹೇಗೆ? ಆಲ್ಟ್‌ಕಾಯಿನ್‌ಗೆ ಹಾರುವ ಮೊದಲು ಹಾಕಬೇಕಾದ ಲೆಕ್ಕಗಳು

ಶಿರಸಿ, ಸಿದ್ದಾಪುರ, ಯಲ್ಲಾಪುರ ಸುತ್ತಿನ ಊರುಗಳಲ್ಲಿ ಈಗ ಮನೆಯಲ್ಲೇ ಕೂತು ಬೆಂಗಳೂರಿನ ಕೆಲಸ ಮಾಡುವ ಹುಡುಗರು ಬೇಕಷ್ಟು. ಅವರಲ್ಲಿ ಕ್ರಿಪ್ಟೊ ಕೊಂಡವರೂ ಕಡಿಮೆಯಿಲ್ಲ. ಮೊದಲೆಲ್ಲ ಅವರ ಪ್ರಶ್ನೆ ಬಿಟ್‌ಕಾಯಿನ್ ಕೊಳ್ಳಬಹುದೇ ಎಂಬಷ್ಟೇ ಇತ್ತು. ಈಗ ಪ್ರಶ್ನೆಗೆ ಮೀಸೆ ಬಂದಿದೆ: "ಡಾಮಿನೆನ್ಸ್ ಇಳಿತಾ ಇದ್ದಡ, ಆಲ್ಟ್‌ಕಾಯಿನ್‌ಗೆ ಹಾಕಲಕ್ಕಾ?" ಡಾಮಿನೆನ್ಸ್ ಎಂದರೆ ಇಡೀ ಕ್ರಿಪ್ಟೊ ಮಾರುಕಟ್ಟೆಯಲ್ಲಿ ಬಿಟ್‌ಕಾಯಿನ್‌ನ ಪಾಲು; ಬಿಟ್‌ಕಾಯಿನ್ ಬಿಟ್ಟು ಉಳಿದ ಕಾಯಿನ್‌ಗಳಿಗೆ ಆಲ್ಟ್‌ಕಾಯಿನ್ ಎನ್ನುತ್ತಾರೆ.

ಟೆಲಿಗ್ರಾಂ ಗುಂಪಿನಲ್ಲಿ ಯಾರೋ ಒಂದು ಚಾರ್ಟ್ ಹಾಕಿ, ಅದಕ್ಕೊಂದು ಕೆಂಪು ಬಾಣ ಎಳೆದು, "ಆಲ್ಟ್ ಸೀಸನ್ ಶುರು", ಅಂದರೆ ಆಲ್ಟ್‌ಕಾಯಿನ್‌ಗಳು ಓಡುವ ಕಾಲ ಬಂತು, ಎಂದು ಬರೆದಿರುತ್ತಾರೆ. ಪ್ರಶ್ನೆ ಹುಟ್ಟುವುದೇ ಅಲ್ಲಿಂದ. ಯಾವ ಕಾಯಿನ್ ಕೊಳ್ಳಬೇಕು ಎಂದು ನಾನು ಇಲ್ಲಿ ಹೇಳುವುದಿಲ್ಲ. ಆ ಚಾರ್ಟಿನಲ್ಲಿರುವ ಸಂಖ್ಯೆ ಏನು, ಅದನ್ನು ನೀವೇ ಪರೀಕ್ಷಿಸುವುದು ಹೇಗೆ, ಅದನ್ನು ನಂಬಿ ಒಂದು ಕಾಯಿನ್‌ನಿಂದ ಇನ್ನೊಂದಕ್ಕೆ ಹಾರಿದರೆ ನಮ್ಮ ದೇಶದ ತೆರಿಗೆ ಎಷ್ಟು ತಿನ್ನುತ್ತದೆ ಎಂಬುದಷ್ಟೇ ಇಲ್ಲಿನ ವಿಷಯ. ಮೂರನೆಯದೇ ಮುಖ್ಯ ಎನ್ನುವುದು ನನ್ನ ಅಭಿಪ್ರಾಯ. ಆದರೆ ಅಲ್ಲಿಗೆ ಹೋಗಲು ಮೊದಲಿನೆರಡು ದಾಟಬೇಕು.

ಮೊದಲು ಒಮ್ಮೆ ಕೈಯಲ್ಲೇ ಲೆಕ್ಕ ಮಾಡಿ

ಒಂದು ಕಾಯಿನ್‌ನ ಬೆಲೆಯನ್ನು ಚಲಾವಣೆಯಲ್ಲಿರುವ ಅದರ ಒಟ್ಟು ಸಂಖ್ಯೆಯಿಂದ ಗುಣಿಸಿದರೆ ಸಿಗುವುದು ಮಾರ್ಕೆಟ್ ಕ್ಯಾಪ್. ಎಲ್ಲ ಕಾಯಿನ್‌ಗಳ ಮಾರ್ಕೆಟ್ ಕ್ಯಾಪ್ ಕೂಡಿಸಿ, ಅದರಲ್ಲಿ ಬಿಟ್‌ಕಾಯಿನ್‌ನದು ಶೇಕಡಾ ಎಷ್ಟು ಎಂದು ನೋಡಿದರೆ ಅದೇ ಡಾಮಿನೆನ್ಸ್. ಎಂಟನೇ ಇಯತ್ತೆಯ ಗಣಿತ ಸಾಕು.

ಶಿರಸಿಯ ಅಡಕೆ ಯಾರ್ಡಿನಲ್ಲಿ ಒಂದು ದಿನ ಒಂದು ಕೋಟಿ ರೂಪಾಯಿಯ ವ್ಯಾಪಾರವಾಯಿತು ಎಂದಿಟ್ಟುಕೊಳ್ಳಿ. ಅದರಲ್ಲಿ ರಾಶಿ ಎಂಬ ಬಗೆಯ ಅಡಕೆ 60 ಲಕ್ಷ, ಚಾಲಿ, ಬೆಟ್ಟೆ ಮೊದಲಾದ ಬೇರೆ ಬಗೆಗಳೆಲ್ಲ ಸೇರಿ 40 ಲಕ್ಷ. ಮರುವಾರ ಅಷ್ಟೇ ಮಾಲು ಬಂದರೂ ಚಾಲಿ ದರ ಬಿದ್ದು ಉಳಿದವೆಲ್ಲ ಸೇರಿ 30 ಲಕ್ಷಕ್ಕೆ ಇಳಿದವು. ರಾಶಿಯೂ ತುಸು ಕುಸಿದು 54 ಲಕ್ಷವಾಯಿತು. ಈಗ ರಾಶಿಯ ಪಾಲು ಶೇ 60ರಿಂದ ಶೇ 64ಕ್ಕೆ ಏರಿತು. ಆದರೆ ರಾಶಿ ಹಾಕಿದವನ ಪಟ್ಟಿಯಲ್ಲಿ ಬಂದ ದುಡ್ಡು ಕಡಿಮೆಯೇ. ಪಾಲು ಏರಿದ್ದು ಅವನ ಮಾಲಿಗೆ ಬೇಡಿಕೆ ಹೆಚ್ಚಿದ್ದರಿಂದಲ್ಲ, ಪಕ್ಕದ ಮಾಲು ಇನ್ನೂ ಜೋರಾಗಿ ಬಿದ್ದದ್ದರಿಂದ.

ಬಿಟ್‌ಕಾಯಿನ್ ಡಾಮಿನೆನ್ಸ್ ಏರಿದೆ ಎಂಬ ಸುದ್ದಿ ಕಂಡಾಗ ಬಿಟ್‌ಕಾಯಿನ್ ಬೆಲೆ ಏರಿದೆ ಎಂದು ಓದಿಕೊಳ್ಳುವವರೇ ಹೆಚ್ಚು. ಮೇಲಿನ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಮಾಡಿದವರಿಗೆ ಆ ಗೊಂದಲ ಮತ್ತೆ ಆಗುವುದಿಲ್ಲ.

ಒಂದೇ ಕಡೆ ನೋಡಿ, ತಿಂಗಳಿಗೊಮ್ಮೆ ಬರೆದಿಡಿ

ಕಾಯಿನ್‌ಮಾರ್ಕೆಟ್‌ಕ್ಯಾಪ್, ಕಾಯಿನ್‌ಗೆಕೊ, ಟ್ರೇಡಿಂಗ್‌ವ್ಯೂ ಎಂಬ ಮೂರು ಜಾಲತಾಣಗಳಲ್ಲೂ ಡಾಮಿನೆನ್ಸ್ ಸಿಗುತ್ತದೆ. ಆದರೆ ಎಷ್ಟು ಕಾಯಿನ್ ಲೆಕ್ಕಕ್ಕೆ ಹಿಡಿಯಬೇಕು, ಯಾವ ಎಕ್ಸ್‌ಚೇಂಜ್‌ನ (ಕಾಯಿನ್ ಕೊಂಡು ಮಾರುವ ತಾಣದ) ಬೆಲೆ ತೆಗೆದುಕೊಳ್ಳಬೇಕು ಎಂಬುದರಲ್ಲಿ ಪ್ರತಿಯೊಬ್ಬರದೂ ಬೇರೆ ಪದ್ಧತಿ. ಹಾಗಾಗಿ ಒಂದೇ ದಿನ ಶೇಕಡಾ ಒಂದೆರಡು ಅಂಶ ಹೆಚ್ಚುಕಮ್ಮಿ ಕಾಣುವುದು ಮಾಮೂಲು. ಹೋದ ತಿಂಗಳು ಒಂದು ಕಡೆ ನೋಡಿ, ಈ ತಿಂಗಳು ಇನ್ನೊಂದು ಕಡೆ ನೋಡಿ, "ಎರಡು ಅಂಶ ಇಳಿದಿದೆ" ಎಂದರೆ ಅದು ಮಾರುಕಟ್ಟೆಯ ಸುದ್ದಿಯಲ್ಲ. ಒಂದನ್ನು ಆರಿಸಿಕೊಂಡು ಅಲ್ಲೇ ನಿಲ್ಲಿ.

ಲೆಕ್ಕದ ವಿಧಾನ ಬದಲಾದರೆ ಏನಾಗುತ್ತದೆ ಎಂಬುದಕ್ಕೆ ಹಳೆಯದೊಂದು ಉದಾಹರಣೆ ಇದೆ. 2018ರ ಜನವರಿ 8ರಂದು ಕಾಯಿನ್‌ಮಾರ್ಕೆಟ್‌ಕ್ಯಾಪ್ ತನ್ನ ಸರಾಸರಿಯಿಂದ ದಕ್ಷಿಣ ಕೊರಿಯಾದ ಕೆಲವು ಎಕ್ಸ್‌ಚೇಂಜ್‌ಗಳ ಬೆಲೆಯನ್ನು ತೆಗೆದುಹಾಕಿತು. ಅಲ್ಲಿ ಬೆಲೆಗಳು ಬೇರೆ ದೇಶಗಳಿಗಿಂತ ಬಹಳ ಮೇಲಿದ್ದವು. ಯಾರೂ ಮಾರದೆಯೇ ಎಕ್ಸ್‌ಆರ್‌ಪಿಯಂಥ ಕಾಯಿನ್‌ಗಳ ಬೆಲೆ ಪರದೆಯ ಮೇಲೆ ದಿಢೀರನೆ ಕುಸಿದಂತೆ ಕಂಡಿತು. ಅದನ್ನು ಕಂಡು ಗಾಬರಿಯಾಗಿ ನಿಜವಾಗಿಯೇ ಮಾರಿದವರೂ ಇದ್ದರು.

ಒಂದು ನೋಟ್‌ಬುಕ್ಕೋ ಎಕ್ಸೆಲ್ ಹಾಳೆಯೋ ಸಾಕು. ತಿಂಗಳ ಒಂದನೇ ತಾರೀಖು ಐದು ಅಂಕಿ ಬರೆದಿಡಿ: ಬಿಟ್‌ಕಾಯಿನ್ ಬೆಲೆ, ಇಡೀ ಮಾರುಕಟ್ಟೆಯ ಮೌಲ್ಯ, ಬಿಟ್‌ಕಾಯಿನ್ ಪಾಲು, ಆಲ್ಟ್‌ಕಾಯಿನ್‌ಗಳಲ್ಲಿ ದೊಡ್ಡದಾದ ಇಥೀರಿಯಂನ ಪಾಲು, ಟೆದರ್ ಮತ್ತು ಯುಎಸ್‌ಡಿಸಿ ಎಂಬ ಸ್ಟೇಬಲ್‌ಕಾಯಿನ್‌ಗಳು (ಇವೇನೆಂದು ಮುಂದೆ ಬರುತ್ತದೆ) ಎರಡೂ ಸೇರಿದ ಪಾಲು. ದಿನಾ ಬರೆಯುವ ಅಗತ್ಯವಿಲ್ಲ. ದಿನಾ ನೋಡಿದರೆ ಕೈ ಸುಮ್ಮನಿರುವುದಿಲ್ಲ.

ಬೆಲೆ ಮತ್ತು ಪಾಲನ್ನು ಒಟ್ಟಿಗೇ ಓದಿ

ಬೆಲೆಯೂ ಏರಿ ಪಾಲೂ ಏರಿದರೆ, ಹೊಸ ದುಡ್ಡು ಬಿಟ್‌ಕಾಯಿನ್‌ನತ್ತಲೇ ಬರುತ್ತಿದೆ. ಬೆಲೆ ಏರಿ ಪಾಲು ಇಳಿದರೆ, ಉಳಿದವು ಅದಕ್ಕಿಂತ ಜೋರಾಗಿ ಓಡುತ್ತಿವೆ. 2021ರ ಮೊದಲ ತಿಂಗಳುಗಳಲ್ಲಿ ಆದದ್ದು ಇದು: ಜನವರಿ ಆರಂಭದಲ್ಲಿ ಶೇ 70ರ ಆಸುಪಾಸಿನಲ್ಲಿದ್ದ ಪಾಲು ಮೇ ಹೊತ್ತಿಗೆ ಶೇ 40ರ ಹತ್ತಿರ ಬಂದಿತ್ತು.

ಬೆಲೆ ಇಳಿದು ಪಾಲು ಏರುವುದೇ ಹೆಚ್ಚಿನವರು ತಪ್ಪಾಗಿ ಓದುವ ಸ್ಥಿತಿ. 2018ರಲ್ಲಿ ಬಿಟ್‌ಕಾಯಿನ್ ವರ್ಷಾರಂಭದ ಸುಮಾರು 17,000 ಡಾಲರ್‌ನಿಂದ ಡಿಸೆಂಬರ್‌ನಲ್ಲಿ 4,000ಕ್ಕೂ ಕೆಳಗೆ ಬಿತ್ತು. ಅದೇ ಅವಧಿಯಲ್ಲಿ ಅದರ ಪಾಲು ಶೇ 33ರ ಸುತ್ತಿನಿಂದ ಶೇ 50 ದಾಟಿತು. ಬಿಟ್‌ಕಾಯಿನ್ ಮುಕ್ಕಾಲು ಕರಗಿದ ವರ್ಷವೇ ಅದರ ಡಾಮಿನೆನ್ಸ್ ಗೆದ್ದ ವರ್ಷ. ಉಳಿದವುಗಳ ಗತಿ ಏನಾಗಿರಬೇಕು ಎಂದು ಊಹಿಸಿಕೊಳ್ಳಿ.

ಬೆಲೆಯೂ ಪಾಲೂ ಎರಡೂ ಇಳಿಯುತ್ತಿದ್ದರೆ ನೋಟ್‌ಬುಕ್ಕಿನ ಐದನೇ ಅಂಕಣ ನೋಡಿ. ಮಾರಿದ ದುಡ್ಡು ಸ್ಟೇಬಲ್‌ಕಾಯಿನ್‌ನಲ್ಲಿ ಕೂತಿರುತ್ತದೆ. ಟೆದರ್, ಯುಎಸ್‌ಡಿಸಿಗಳ ಬೆಲೆ ಒಂದು ಡಾಲರ್‌ಗೆ ಕಟ್ಟಿಹಾಕಿದ್ದು. ಅವು ಬಿಟ್‌ಕಾಯಿನ್‌ಗೆ ಪೈಪೋಟಿ ಕೊಡುವ ಕಾಯಿನ್‌ಗಳಲ್ಲ, ದುಡ್ಡು ಇಳಿದು ನಿಲ್ಲುವ ಜಾಗ. ಆದರೂ ಒಟ್ಟು ಮೌಲ್ಯದಲ್ಲಿ ಅವನ್ನೂ ಕೂಡಿಸುತ್ತಾರೆ. ಮಾರುಕಟ್ಟೆ 100 ಇದ್ದು, ಬಿಟ್‌ಕಾಯಿನ್ 60, ಆಲ್ಟ್‌ಕಾಯಿನ್ 30, ಸ್ಟೇಬಲ್‌ಕಾಯಿನ್ 10 ಎಂದರೆ ಪರದೆಯ ಮೇಲೆ ಡಾಮಿನೆನ್ಸ್ ಶೇ 60. ಸ್ಟೇಬಲ್‌ಕಾಯಿನ್ ತೆಗೆದರೆ ಅದೇ ಶೇ 66.7. ಟೆದರ್ ಒಂದೇ 2024ರ ಮಾರ್ಚ್‌ನಲ್ಲಿ 10,000 ಕೋಟಿ ಡಾಲರ್ ದಾಟಿತು. ಅಂದಮೇಲೆ 2017ರ ಶೇ 40ನ್ನೂ ಈಗಿನ ಶೇಕಡಾವಾರನ್ನೂ ಒಂದೇ ಅಳತೆಗೋಲಿನಲ್ಲಿ ಇಟ್ಟು ನೋಡುವುದು ಸರಿಯಲ್ಲ. ಆಗ ಸ್ಟೇಬಲ್‌ಕಾಯಿನ್‌ನ ಪಾಲು ಲೆಕ್ಕಕ್ಕೆ ಸಿಗದಷ್ಟು ಸಣ್ಣದಿತ್ತು.

ಹಳೆಯ ಪಟ್ಟಿ ತೆಗೆದು ಕೂರಿ

ಒಂದು ಸಂಜೆ ಇದಕ್ಕೆ ಮೀಸಲಿಡಿ. ಕಾಯಿನ್‌ಮಾರ್ಕೆಟ್‌ಕ್ಯಾಪ್‌ನಲ್ಲಿ ಹಿಸ್ಟಾರಿಕಲ್ ಸ್ನ್ಯಾಪ್‌ಶಾಟ್ಸ್ ಎಂಬ ಪುಟವಿದೆ. ಹಿಂದಿನ ಯಾವುದೋ ಒಂದು ದಿನದ ಪಟ್ಟಿ ಹೇಗಿತ್ತೋ ಹಾಗೇ ಸಿಗುತ್ತದೆ. ವರ್ಷಕ್ಕೊಂದರಂತೆ ತೆಗೆದು, ಮೊದಲ ಹತ್ತು ಹೆಸರನ್ನು ಬರೆದುಕೊಳ್ಳಿ.

ಅತಿ ಹಳೆಯದು 2013ರ ಏಪ್ರಿಲ್ 28ರದು. ಅದರಲ್ಲಿ ಇರುವುದೇ ಏಳು: ಬಿಟ್‌ಕಾಯಿನ್, ಲೈಟ್‌ಕಾಯಿನ್, ಪೀರ್‌ಕಾಯಿನ್, ನೇಮ್‌ಕಾಯಿನ್, ಟೆರಾಕಾಯಿನ್, ಡೆವ್‌ಕಾಯಿನ್, ನೋವಾಕಾಯಿನ್. ಬಿಟ್‌ಕಾಯಿನ್ ಪಾಲು ಶೇ 90ಕ್ಕಿಂತ ಮೇಲೆ. ಆ ಏಳರಲ್ಲಿ ಇವತ್ತು ಜನ ಹೆಸರು ಹಿಡಿದು ಮಾತಾಡುವುದು ಎರಡನ್ನು ಮಾತ್ರ.

ಮುಂದೆ 2017ಕ್ಕೆ ಬನ್ನಿ. ಎರಡು ವರ್ಷದ ಹಿಂದೆ, 2015ರ ಜುಲೈನಲ್ಲಿ ಶುರುವಾಗಿದ್ದ ಇಥೀರಿಯಂ ಜಾಲದ ಮೇಲೆ ಯಾರು ಬೇಕಾದರೂ ತಮ್ಮದೇ ಟೋಕನ್ ಮಾಡಿ ಮಾರಬಹುದಿತ್ತು. ಐಸಿಒ ಎಂಬ ಹೆಸರಿನಲ್ಲಿ ದುಡ್ಡೆತ್ತುವ ಸುಗ್ಗಿ ನಡೆಯಿತು. ಟೋಕನ್ ಬೇಕಿದ್ದವರು ಮೊದಲು ಇಥೀರಿಯಂನದೇ ಕಾಯಿನ್ ಆದ ಇಥರ್ ಕೊಳ್ಳಬೇಕು, ಹೀಗೆ ಇಥರ್‌ಗೆ ಬೇಡಿಕೆ. ವರ್ಷದ ಆರಂಭದಲ್ಲಿ ಶೇ 85ರ ಮೇಲಿದ್ದ ಬಿಟ್‌ಕಾಯಿನ್ ಪಾಲು ಜೂನ್‌ನಲ್ಲಿ ಶೇ 40ಕ್ಕೂ ಕೆಳಗೆ ಬಂತು, ಇಥೀರಿಯಂ ಶೇ 30 ದಾಟಿತು. ಇನ್ನೇನು ಮೊದಲ ಸ್ಥಾನ ಕೈಬದಲಾಯಿಸುತ್ತದೆ ಎಂದೇ ಎಲ್ಲರೂ ಬರೆದರು. ಬದಲಾಗಲಿಲ್ಲ. ಬದಲಾದದ್ದು ಎರಡನೇ ಸ್ಥಾನ, ಅದೂ ಕೆಲವೇ ದಿನ: 2017ರ ಕೊನೆ ಮತ್ತು 2018ರ ಮೊದಲ ದಿನಗಳಲ್ಲಿ ಎಕ್ಸ್‌ಆರ್‌ಪಿ ಇಥೀರಿಯಂ ಅನ್ನು ಹಿಂದಿಕ್ಕಿತ್ತು.

2018ರ ಜನವರಿಯ ಮೊದಲ ಹತ್ತರಲ್ಲಿ ನೆಮ್, ಐಯೋಟಾ ಇದ್ದವು. ಅಂದು ಅವನ್ನು "ಮುಂದಿನ ಬಿಟ್‌ಕಾಯಿನ್" ಎನ್ನುತ್ತಿದ್ದ ಬಾಯಿಗಳು ಇವತ್ತು ಬೇರೆ ಹೆಸರಿಗೆ ಅದೇ ಬಿರುದು ಕೊಡುತ್ತಿವೆ. 2022ರ ಏಪ್ರಿಲ್ ಪಟ್ಟಿಯಲ್ಲಿ ಲೂನಾ ಮೊದಲ ಹತ್ತರಲ್ಲಿ ಮೆರೆಯುತ್ತಿದೆ, ಬೆಲೆ 100 ಡಾಲರ್ ಮೇಲೆ. ಮೇ ಎರಡನೇ ವಾರದ ಹೊತ್ತಿಗೆ ಅದಕ್ಕೆ ಅಂಟಿಕೊಂಡಿದ್ದ ಯುಎಸ್‌ಟಿ ಎಂಬ ಸ್ಟೇಬಲ್‌ಕಾಯಿನ್ ಒಂದು ಡಾಲರ್‌ನ ಕಟ್ಟು ಕಳಚಿಕೊಂಡಿತು. ಅದನ್ನು ಹಿಡಿದು ನಿಲ್ಲಿಸಲು ಹೊಸ ಲೂನಾ ಸೃಷ್ಟಿಸುತ್ತಲೇ ಹೋಗುವುದು ಆ ವ್ಯವಸ್ಥೆಯ ನಿಯಮವಾಗಿತ್ತು. ಸುಮಾರು 35 ಕೋಟಿ ಇದ್ದ ಲೂನಾ ಕೆಲವೇ ದಿನಗಳಲ್ಲಿ ಆರೂವರೆ ಲಕ್ಷ ಕೋಟಿಯಾಯಿತು, ಬೆಲೆ ಸೊನ್ನೆಗೆ ಹತ್ತಿ ಕೂತಿತು.

ಈ ಪಟ್ಟಿ ಮಾಡಿದ ಮೇಲೆ ಒಂದು ವಿಷಯ ತಾನಾಗಿ ಕಣ್ಣಿಗೆ ಹೊಡೆಯುತ್ತದೆ. ಬಿಟ್‌ಕಾಯಿನ್ ಕಳೆದುಕೊಂಡ ಪಾಲು ಪ್ರತಿ ಸಲವೂ ಬೇರೆಬೇರೆ ಕಾಯಿನ್‌ಗಳಿಗೆ ಹೋಗಿದೆ. ಡಾಮಿನೆನ್ಸ್ ಇಳಿಯುತ್ತದೆ ಎಂಬ ಊಹೆ ನಿಜವಾದರೂ, ಪಾಲು ಯಾರಿಗೆ ಹೋಗುತ್ತದೆ ಎಂಬುದನ್ನು ಆ ಸಂಖ್ಯೆ ಹೇಳುವುದಿಲ್ಲ.

ಇನ್ನು, ನಾಲ್ಕು ವರ್ಷಕ್ಕೊಮ್ಮೆ ಮಾರುಕಟ್ಟೆಯ ಚಕ್ರ ತಿರುಗುತ್ತದೆ ಎಂಬ ಮಾತು. ಬಿಟ್‌ಕಾಯಿನ್ ಗಣಿಗಾರಿಕೆಯ (ಕಂಪ್ಯೂಟರ್ ಓಡಿಸಿ ವಹಿವಾಟು ದಾಖಲಿಸುವ ಕೆಲಸದ) ಪ್ರತಿಫಲವಾಗಿ ಸಿಗುವ ಹೊಸ ಕಾಯಿನ್ 2012, 2016, 2020, 2024ರಲ್ಲಿ ಅರ್ಧಕ್ಕೆ ಇಳಿಯಿತು. ಹಿಂದಿನ ಸುತ್ತುಗಳಲ್ಲಿ ಬಿಟ್‌ಕಾಯಿನ್ ಮೊದಲು ಏರಿ, ಆಮೇಲೆ ಆಲ್ಟ್‌ಕಾಯಿನ್ ಏರಿದ್ದು ಹೌದು. ಆದರೆ 2024ರ ಜನವರಿಯಲ್ಲಿ ಅಮೆರಿಕದಲ್ಲಿ ಬಿಟ್‌ಕಾಯಿನ್ ಅನ್ನೇ ಕೊಂಡಿಡುವ ಸ್ಪಾಟ್ ಇಟಿಎಫ್‌ಗೆ (ಷೇರಿನಂತೆ ಕೊಳ್ಳಬಹುದಾದ ನಿಧಿಗೆ) ಒಪ್ಪಿಗೆ ಸಿಕ್ಕ ಮೇಲೆ ಪಾಲು ಏರುತ್ತಲೇ ಹೋಯಿತು: ನವೆಂಬರ್‌ನಲ್ಲಿ ಶೇ 60ರ ಸುತ್ತ, 2025ರ ಮಧ್ಯದಲ್ಲಿ ಶೇ 65ರ ಸನಿಹ. ಷೇರು ಖಾತೆಯ ಮೂಲಕ ಇಟಿಎಫ್ ಕೊಂಡವನ ದುಡ್ಡು ಅಲ್ಲಿಂದ ಸಣ್ಣ ಟೋಕನ್‌ಗೆ ಸುಲಭವಾಗಿ ಹರಿಯುವುದಿಲ್ಲ ಎಂಬುದು ಇದಕ್ಕೆ ಕೊಡುವ ಕಾರಣ, ನನಗೂ ಅದು ಒಪ್ಪಿಗೆ. ನಾಲ್ಕೇ ಉದಾಹರಣೆ ಇಟ್ಟುಕೊಂಡು ಐದನೆಯದರ ತಾರೀಖು ಹೇಳುವವರನ್ನು ನಾನು ನಂಬುವುದಿಲ್ಲ.

ಇಥರ್‌ನ ಬೆಲೆಯನ್ನು ಬಿಟ್‌ಕಾಯಿನ್‌ನಲ್ಲಿ ಅಳೆಯಿರಿ

ಡಾಮಿನೆನ್ಸ್‌ಗಿಂತ ಈ ಅಳತೆಯೇ ನನಗೆ ಹೆಚ್ಚು ಇಷ್ಟ. ಒಂದು ಇಥರ್‌ಗೆ ಎಷ್ಟು ಬಿಟ್‌ಕಾಯಿನ್? 2017ರ ಜೂನ್‌ನಲ್ಲಿ ಸುಮಾರು 0.15, 2019ರ ಸೆಪ್ಟೆಂಬರ್‌ನಲ್ಲಿ 0.016ರ ಸುತ್ತ, 2021ರ ಕೊನೆಗೆ 0.088ರವರೆಗೆ, 2025ರ ಏಪ್ರಿಲ್‌ನಲ್ಲಿ ಮತ್ತೆ 0.018ರ ಹತ್ತಿರ. ಇದರಲ್ಲಿ ಸ್ಟೇಬಲ್‌ಕಾಯಿನ್ ಬಂದು ಸೇರುವ ತೊಂದರೆಯಿಲ್ಲ, ಸಾವಿರಾರು ಕಸದ ಟೋಕನ್‌ಗಳ ಲೆಕ್ಕವೂ ಇಲ್ಲ. ನಿಮ್ಮಲ್ಲಿರುವ ಯಾವುದೇ ಆಲ್ಟ್‌ಕಾಯಿನ್‌ಗೂ ಇದನ್ನೇ ಮಾಡಿ. ರೂಪಾಯಿಯಲ್ಲಿ ಎರಡು ಪಟ್ಟಾಗಿದೆ ಎಂದು ಖುಷಿಯಲ್ಲಿರುವಾಗ, ಅದೇ ಅವಧಿಯಲ್ಲಿ ಬಿಟ್‌ಕಾಯಿನ್ ಮೂರು ಪಟ್ಟಾಗಿದ್ದರೆ ಅಷ್ಟು ಅಪಾಯ ಮೈಮೇಲೆ ಎಳೆದುಕೊಂಡು ಗಳಿಸಿದ್ದೇನು?

ಆಲ್ಟ್‌ಕಾಯಿನ್ ಸೀಸನ್ ಇಂಡೆಕ್ಸ್ ಎಂಬುದನ್ನೂ ಕೇಳಿರುತ್ತೀರಿ. ಹಿಂದಿನ 90 ದಿನಗಳಲ್ಲಿ ದೊಡ್ಡ ಕಾಯಿನ್‌ಗಳ ಶೇ 75ರಷ್ಟು ಬಿಟ್‌ಕಾಯಿನ್‌ಗಿಂತ ಚೆನ್ನಾಗಿ ಓಡಿದ್ದರೆ ಅದು "ಸೀಸನ್" ಎನ್ನುತ್ತದೆ. ಹಿಂದಿನ 90 ದಿನ ಎಂಬುದನ್ನು ಗಮನಿಸಿ. ಅದು ಸೀಸನ್ ಎಂದು ಘೋಷಿಸುವ ಹೊತ್ತಿಗೆ ಮೂರು ತಿಂಗಳ ಓಟ ಮುಗಿದಿರುತ್ತದೆ.

ಮಾರ್ಕೆಟ್ ಕ್ಯಾಪ್ ಎಂದರೆ ಒಳಗೆ ಬಂದ ದುಡ್ಡಲ್ಲ

ನಾನು 100 ಕೋಟಿ ಟೋಕನ್ ಸೃಷ್ಟಿಸಿ, ಅದರಲ್ಲಿ ಸಾವಿರ ಟೋಕನ್ ಮಾತ್ರ ತಲಾ 10 ರೂಪಾಯಿಗೆ ಮಾರಿದೆ ಎನ್ನಿ. ಬಂದ ದುಡ್ಡು 10,000 ರೂಪಾಯಿ. ಎಲ್ಲವೂ ಚಲಾವಣೆಯಲ್ಲಿವೆ ಎಂದು ತೋರಿಸಿದರೆ ಮಾರ್ಕೆಟ್ ಕ್ಯಾಪ್ 1,000 ಕೋಟಿ ರೂಪಾಯಿ! ಹೀಗಾಗಿ ಹೊಸ ಕಾಯಿನ್ ನೋಡುವಾಗ ಚಲಾವಣೆಯಲ್ಲಿರುವುದೆಷ್ಟು, ಒಟ್ಟು ಎಷ್ಟು ಬರಲಿಕ್ಕಿದೆ, ದಿನಕ್ಕೆ ನಿಜವಾಗಿ ಎಷ್ಟು ಕೈಬದಲಾಗುತ್ತದೆ ಎಂಬ ಮೂರನ್ನೂ ನೋಡಿ. ಬಿಟ್‌ಕಾಯಿನ್‌ಗೆ 2.1 ಕೋಟಿಯ ಮಿತಿ ಇದೆ. ಬಹಳಷ್ಟು ಟೋಕನ್‌ಗಳಲ್ಲಿ ದೊಡ್ಡ ಭಾಗ ಮಾಡಿದವರ ಕೈಯಲ್ಲೇ ಬೀಗ ಹಾಕಿ ಕೂತಿರುತ್ತದೆ. ಬೀಗ ತೆರೆಯುವ ತಾರೀಖು ಯಾವುದೆಂದು ಹುಡುಕಿ ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಈಗ ತೆರಿಗೆ

ಡಾಮಿನೆನ್ಸ್ ನೋಡಿ ಕಾಯಿನ್ ಬದಲಿಸುವ ತಂತ್ರಗಳೆಲ್ಲ ಹೆಚ್ಚಾಗಿ ಅಮೆರಿಕದವರೋ ದುಬೈನವರೋ ಬರೆದದ್ದು. ಅವರ ತೆರಿಗೆ ಬೇರೆ, ನಮ್ಮದು ಬೇರೆ. ಭಾರತದಲ್ಲಿ 2022ರ ಏಪ್ರಿಲ್ 1ರಿಂದ ಕ್ರಿಪ್ಟೊ ಲಾಭಕ್ಕೆ ಶೇ 30 ತೆರಿಗೆ, ಅದರ ಮೇಲೆ ಶೇ 4 ಸೆಸ್. ಕೊಂಡ ಬೆಲೆ ಬಿಟ್ಟು ಬೇರೆ ಯಾವ ಖರ್ಚನ್ನೂ ಕಳೆಯುವಂತಿಲ್ಲ. ಒಂದು ಕಾಯಿನ್‌ನ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ, ಮುಂದಿನ ವರ್ಷಕ್ಕೆ ಒಯ್ಯುವಂತೆಯೂ ಇಲ್ಲ. 2022ರ ಜುಲೈ 1ರಿಂದ ವರ್ಗಾವಣೆಯ ಮೇಲೆ ಶೇ 1 ಟಿಡಿಎಸ್ ಬೇರೆ. ಮುಖ್ಯವಾಗಿ, ಕಾಯಿನ್ ಕೊಟ್ಟು ಕಾಯಿನ್ ತೆಗೆದುಕೊಂಡರೂ ಅದು ಮಾರಾಟವೇ.

ಒಂದು ಲೆಕ್ಕ ನೋಡಿ. ಟಿಡಿಎಸ್ ಮತ್ತು ಎಕ್ಸ್‌ಚೇಂಜ್ ಕಮಿಷನ್ ಸದ್ಯಕ್ಕೆ ಬದಿಗಿರಲಿ. 1,00,000 ರೂಪಾಯಿಯ ಬಿಟ್‌ಕಾಯಿನ್ ಕೊಂಡಿರಿ, ಅದು 1,60,000 ಆಯಿತು. ಡಾಮಿನೆನ್ಸ್ ಇಳಿಯುತ್ತಿದೆ ಎಂದು ಅಷ್ಟನ್ನೂ ಒಂದು ಆಲ್ಟ್‌ಕಾಯಿನ್‌ಗೆ ಬದಲಿಸಿದಿರಿ. ಆ ಕ್ಷಣಕ್ಕೆ 60,000 ಲಾಭ ಹುಟ್ಟಿತು, ತೆರಿಗೆ 18,000, ಸೆಸ್ 720, ಒಟ್ಟು 18,720. ಕೈಗೆ ಒಂದು ರೂಪಾಯಿಯೂ ಬಂದಿಲ್ಲ. ಆಮೇಲೆ ಆಲ್ಟ್‌ಕಾಯಿನ್ ಬಿದ್ದು 90,000ಕ್ಕೆ ಮಾರಿದಿರಿ. 70,000 ನಷ್ಟ, ಅದಕ್ಕೆ ಯಾವ ರಿಯಾಯಿತಿಯೂ ಇಲ್ಲ. ಒಟ್ಟಾರೆ ವ್ಯಾಪಾರದಲ್ಲಿ ನೀವು ಕಳೆದುಕೊಂಡದ್ದು 10,000. ಆದರೂ 18,720 ಕಟ್ಟಬೇಕು. ಉಳಿದದ್ದು 71,280.

ಬಿಟ್‌ಕಾಯಿನ್ ಅನ್ನು ರೂಪಾಯಿಗೆ ಮಾರಿದ್ದರೂ ಆ ತೆರಿಗೆ ಕಟ್ಟಲೇಬೇಕಿತ್ತು, ಸರಿ. ಆಗ ಕಟ್ಟಲು ಕೈಯಲ್ಲಿ ದುಡ್ಡಾದರೂ ಇರುತ್ತಿತ್ತು. ಆದ್ದರಿಂದ ಬದಲಿಸಲೇಬೇಕು ಎಂದಿದ್ದರೆ, ಅದೇ ದಿನ ತೆರಿಗೆಯಷ್ಟು ಮೊತ್ತವನ್ನು ರೂಪಾಯಿಗೆ ತಿರುಗಿಸಿ ಬ್ಯಾಂಕಿಗೆ ಹಾಕಿಕೊಳ್ಳಿ. ಉಳಿದದ್ದನ್ನಷ್ಟೇ ಬದಲಿಸಿ. ವರ್ಷದ ಒಟ್ಟು ತೆರಿಗೆ 10,000 ದಾಟುವಂತಿದ್ದರೆ ಮುಂಗಡ ತೆರಿಗೆಯ ಕಂತುಗಳೂ ಇವೆ.

ನಮ್ಮ ಕಡೆಯ ಅಡಕೆ ಮನೆಗಳಿಗೆ ಇನ್ನೊಂದು ಮಾತು. ತೋಟದ ಆದಾಯಕ್ಕೆ ಆದಾಯ ತೆರಿಗೆ ಇಲ್ಲದ್ದರಿಂದ ರಿಟರ್ನ್ ಸಲ್ಲಿಸಿ ಅಭ್ಯಾಸವೇ ಇಲ್ಲದ ಕುಟುಂಬಗಳಿವೆ. ಅಡಕೆ ಮಾರಿದ ದುಡ್ಡಿನಲ್ಲೇ ಕ್ರಿಪ್ಟೊ ಕೊಂಡರೂ, ಅದರಿಂದ ಬಂದ ಲಾಭ ಕೃಷಿ ಆದಾಯವಾಗುವುದಿಲ್ಲ. ಅಪ್ಪನ ಪ್ಯಾನ್ ಕಾರ್ಡಿನಲ್ಲಿ ಖಾತೆ ತೆರೆದು ಮಗ ವ್ಯಾಪಾರ ಮಾಡಿದರೆ, ಟಿಡಿಎಸ್ ಕಡಿತವೆಲ್ಲ ಅಪ್ಪನ ಹೆಸರಿನಲ್ಲಿ ದಾಖಲಾಗುತ್ತದೆ, ನೋಟಿಸೂ ಅವರಿಗೇ ಬರುತ್ತದೆ. ಖಾತೆ ನಿಮ್ಮ ಹೆಸರಿನಲ್ಲೇ ಇರಲಿ. ರಿಟರ್ನ್‌ನಲ್ಲಿ ವಿಡಿಎ (ಕ್ರಿಪ್ಟೊದಂಥ ವರ್ಚುವಲ್ ಡಿಜಿಟಲ್ ಆಸ್ತಿ) ಶೆಡ್ಯೂಲ್ ತುಂಬಬೇಕು, ಸರಳವಾದ ಐಟಿಆರ್-1 ಇದಕ್ಕೆ ನಡೆಯುವುದಿಲ್ಲ. ಮಾರ್ಚ್ 31 ಮುಗಿದ ಕೂಡಲೇ ಎಕ್ಸ್‌ಚೇಂಜ್‌ನಿಂದ ವರ್ಷದ ಎಲ್ಲ ವಹಿವಾಟಿನ ಫೈಲ್ ಇಳಿಸಿಟ್ಟುಕೊಳ್ಳಿ. ಎಕ್ಸ್‌ಚೇಂಜ್ ಮುಚ್ಚಿದ ಮೇಲೆ ಆ ಫೈಲ್ ಯಾರೂ ಕೊಡುವುದಿಲ್ಲ.

ಎಲ್ಲಿ ಇಡುವುದು, ಯಾರನ್ನು ದೂರ ಇಡುವುದು

2023ರ ಮಾರ್ಚ್‌ನಿಂದ ಕ್ರಿಪ್ಟೊ ಎಕ್ಸ್‌ಚೇಂಜ್‌ಗಳು ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ಬಂದಿವೆ. ಕೇಂದ್ರದ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಣಿ ಆಗಿರುವುದನ್ನೇ ಬಳಸಿ. ನೋಂದಣಿ ಎಂದರೆ ದುಡ್ಡಿಗೆ ಖಾತರಿ ಎಂದಲ್ಲ. 2024ರ ಜುಲೈ 18ರಂದು ವಜೀರ್‌ಎಕ್ಸ್ ಎಂಬ ಭಾರತದ ಎಕ್ಸ್‌ಚೇಂಜ್‌ನಿಂದ 23 ಕೋಟಿ ಡಾಲರ್‌ಗೂ ಮೀರಿದ ಕ್ರಿಪ್ಟೊ ಕಳವಾಗಿ, ಗ್ರಾಹಕರು ತಿಂಗಳುಗಟ್ಟಲೆ ದುಡ್ಡು ತೆಗೆಯಲಾಗದೆ ಕೂತರು. ಕಳೆದುಕೊಂಡರೂ ಮನೆ ನಡೆಯುವಷ್ಟನ್ನು ಮಾತ್ರ ಅಲ್ಲಿಡಿ.

ಸಾಲ ಮಾಡಿ ಆಡುವ ಫ್ಯೂಚರ್ಸ್ (ಮುಂದಿನ ಬೆಲೆಯ ಮೇಲೆ ಕಟ್ಟುವ ಪಣ) ಬೇಡವೇ ಬೇಡ. ಟವರ್ ಸಿಗದೆ ಒಟಿಪಿಗಾಗಿ ಗುಡ್ಡ ಹತ್ತುವ ಹಳ್ಳಿಗಳಲ್ಲಿ, ಆಷಾಢದ ಮಳೆಗೆ ಕರೆಂಟು ಹೋದ ರಾತ್ರಿ ಮಾರುಕಟ್ಟೆ ಬಿದ್ದರೆ ನಿಮಗೆ ಗೊತ್ತಾಗುವುದು ಮರುದಿನ ಮಧ್ಯಾಹ್ನ. ಅಷ್ಟರಲ್ಲಿ ಎಕ್ಸ್‌ಚೇಂಜ್ ನಿಮ್ಮ ಪಾಲನ್ನು ತಾನೇ ಮಾರಿ ಮುಗಿಸಿರುತ್ತದೆ.

ಡಾಮಿನೆನ್ಸ್ ಚಾರ್ಟ್ ತೋರಿಸಿ, "ಈ ಆ್ಯಪ್‌ನಲ್ಲಿ ಹಾಕಿ, ದಿನಕ್ಕೆ ಇಷ್ಟು ಖಾತ್ರಿ" ಎನ್ನುವವರ ಗುಂಪಿನಿಂದ ಕೂಡಲೇ ಹೊರಬನ್ನಿ. ಅಂಥ ಆ್ಯಪ್‌ನಲ್ಲಿ ಕಾಣುವ ಲಾಭ ಬರೀ ಪರದೆಯ ಮೇಲಿನ ಅಂಕಿ. ಹಿಂದೆ ತೆಗೆಯಲು ಹೋದಾಗ "ಮೊದಲು ತೆರಿಗೆ ಕಟ್ಟಿ" ಎಂದು ಮತ್ತಷ್ಟು ಕೇಳುತ್ತಾರೆ. ಭಾರತದ ತೆರಿಗೆಯನ್ನು ಯಾವ ಆ್ಯಪ್‌ನವನಿಗೂ ಯುಪಿಐ ಮಾಡಿ ಕಟ್ಟುವ ಪದ್ಧತಿಯಿಲ್ಲ. ಹಣ ಈಗಾಗಲೇ ಹೋಗಿದ್ದರೆ ಮರ್ಯಾದೆಗೆ ಅಂಜಿ ಸುಮ್ಮನಿರಬೇಡಿ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬಳಿಕ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಅಥವಾ ಕಾರವಾರದ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಯಲ್ಲಿ ದೂರು ಕೊಡಿ. ಯುಪಿಐ ವಹಿವಾಟಿನ ಸಂಖ್ಯೆ, ಅವರು ಕೊಟ್ಟ ವ್ಯಾಲೆಟ್ ವಿಳಾಸ, ಚಾಟ್‌ನ ಸ್ಕ್ರೀನ್‌ಶಾಟ್ ಅಳಿಸದೆ ಇಟ್ಟುಕೊಂಡಿರಿ. ಹಣ ಇನ್ನೂ ಯಾವುದೋ ಬ್ಯಾಂಕ್ ಖಾತೆಯಲ್ಲಿದ್ದರೆ ತಡೆಹಿಡಿಯಬಹುದು. ಟೆದರ್ ಆಗಿ ದೇಶ ದಾಟಿದ ಮೇಲೆ ಹಿಂದೆ ತರುವುದು ಬಹಳ ಕಷ್ಟ.